ಎಚ್-4 ಮೇಲೆ ಬಂದವರು ಡಿ ಆಂಜಾ ಕಾಲೇಜಿಗೆ ಸೇರುವುದು ಹೇಗೆ

ಕ್ಯಾಲಿಫೋರ್ನಿಯಾದ ಸನ್ನಿವೇಲ್, ಕುಪರ್ಟಿನೊ, ಸ್ಯಾಂಟಾ ಕ್ಲಾರಾ ಕಡೆ ಮದುವೆಯಾಗಿ ಎಚ್-4 ವೀಸಾದ ಮೇಲೆ (ಗಂಡ ಎಚ್-1ಬಿ ಕೆಲಸದ ವೀಸಾದಲ್ಲಿದ್ದರೆ ಹೆಂಡತಿಗೆ ಸಿಗುವುದು) ಬಂದ ನಮ್ಮ ಹೆಣ್ಣುಮಕ್ಕಳು ಮೊದಲ ಕೆಲವು ತಿಂಗಳು ಊರು ನೋಡುತ್ತಾರೆ, ಡ್ರೈವಿಂಗ್ ಕಲಿಯುತ್ತಾರೆ. ಆಮೇಲೆ ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಸಿಕ್ಕಿ, ಊಟದ ತಟ್ಟೆ ಕೈಯಲ್ಲಿರುವಾಗಲೇ "ಅಕ್ಕಾ, ಏನಾದ್ರೂ ಓದೋಣ ಅಂತಿದ್ದೀನಿ" ಎಂದು ಶುರು ಮಾಡುತ್ತಾರೆ. ನಾನು ಹೇಳುವುದು ಒಂದೇ ಹೆಸರು: ಡಿ ಆಂಜಾ, ಕುಪರ್ಟಿನೊದಲ್ಲಿರುವ ಎರಡು ವರ್ಷದ ಸರ್ಕಾರಿ ಕಾಲೇಜು. "ಕಮ್ಯುನಿಟಿ ಕಾಲೇಜಾ?" ಎಂದು ಮುಖ ಸಣ್ಣಗೆ ಮಾಡುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ, ಆ ಕಾಲೇಜಿನಲ್ಲಿ ಅಕೌಂಟಿಂಗ್ ಓದಿ, ಈಗ ಒಂದು ಟ್ಯಾಕ್ಸ್ ಆಫೀಸಿನಲ್ಲಿ ಕೆಲಸ ಮಾಡುತ್ತಿರುವವಳು.

ಮಾರ್ಕ್ಸ್ ಕೇಳದ ಕಾಲೇಜು ಅಂದರೆ ಬೇರೆಲ್ಲೂ ಸೀಟು ಸಿಗದವರ ಕಾಲೇಜು ಎಂಬುದು ನಮ್ಮ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ಆ ಬಾಗಿಲನ್ನು ಬೇಕೆಂದೇ ತೆರೆದಿಟ್ಟಿದ್ದಾರೆ. ಇಲ್ಲಿನ ಮೊದಲ ಜೂನಿಯರ್ ಕಾಲೇಜು (ಕಮ್ಯುನಿಟಿ ಕಾಲೇಜಿನ ಹಳೆಯ ಹೆಸರು) 1910ರಲ್ಲಿ ಫ್ರೆಸ್ನೋದಲ್ಲಿ ಶುರುವಾಯಿತು. ರಾಜ್ಯದ ಉನ್ನತ ಶಿಕ್ಷಣಕ್ಕೆ ಮಾಡಿದ 1960ರ ಮಾಸ್ಟರ್ ಪ್ಲಾನ್ ಕೆಲಸ ಹಂಚಿತು: ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಪಾಲು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ, ಮೇಲಿನ ಮೂರನೇ ಒಂದು ಪಾಲು ಸ್ಟೇಟ್ ಕಾಲೇಜುಗಳಿಗೆ, ಉಳಿದಂತೆ ಕಲಿಯಲು ಬಂದ ಯಾರಿಗೇ ಆಗಲಿ ಜೂನಿಯರ್ ಕಾಲೇಜು. 1984ರವರೆಗೆ ಇಲ್ಲಿಯವರಿಗೆ ಬೋಧನೆಗೆ ಫೀಸೇ ಇರಲಿಲ್ಲ. ಈಗ ಕ್ವಾರ್ಟರ್ ಯೂನಿಟ್ಟಿಗೆ (ಕ್ವಾರ್ಟರ್ ಅಂದರೆ ಹನ್ನೆರಡು ವಾರದ ಅವಧಿ, ಯೂನಿಟ್ ಅಂದರೆ ಕೋರ್ಸಿನ ಅಳತೆ) 31 ಡಾಲರ್, ಅಂದರೆ ಐದು ಯೂನಿಟ್ಟಿನ ಕೋರ್ಸಿಗೆ 155. ಮೇಲೆ ಸಣ್ಣಪುಟ್ಟ ಶುಲ್ಕ, ಪುಸ್ತಕ. ಇಲ್ಲಿ ನಾಲ್ಕು ಜನ ಹೋಟೆಲಿಗೆ ಹೋಗಿ ಕೈತೊಳೆಯುವಷ್ಟರಲ್ಲಿ ಅಷ್ಟು ದುಡ್ಡು ಖಾಲಿ.

ಆದರೆ ಈ ದರ ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಮಾತ್ರ. ಹೊರಗಿನವರಿಗೆ ಹಲವು ಪಟ್ಟು ಜಾಸ್ತಿ. ಎಲ್ಲರೂ ಎಡವುವುದು ಇಲ್ಲೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಚ್-4ರಲ್ಲಿ ಓದಲು ವೀಸಾ ಬದಲಾಯಿಸಬೇಕಿಲ್ಲ, ಎಫ್-1 ವಿದ್ಯಾರ್ಥಿ ವೀಸಾದವರಿಗೆ ಕಾಲೇಜು ಕೊಡುವ ಐ-20 ಪತ್ರ ಬೇಡ, ಒಂದೇ ಕೋರ್ಸ್ ತೆಗೆದುಕೊಂಡರೂ ಯಾರೂ ಕೇಳುವುದಿಲ್ಲ. ಎಚ್-4ನವರು ಇಲ್ಲಿನ ನಿವಾಸಿ ಎಂದೂ ಅನ್ನಿಸಿಕೊಳ್ಳಬಹುದು. ಎಫ್-1ನವರಿಗೆ, ವಿಸಿಟರ್ ವೀಸಾದವರಿಗೆ ಆ ಅವಕಾಶವಿಲ್ಲ. ಕ್ವಾರ್ಟರ್ ಶುರುವಾಗುವ ಮೊದಲು ಒಂದು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿದ್ದೀರಿ, ಇಲ್ಲೇ ಇರುವ ಉದ್ದೇಶವಿದೆ ಎಂದು ಕಾಗದದಲ್ಲಿ ತೋರಿಸಬೇಕು. ಆ ಕಾಗದದಲ್ಲಿ ನಿಮ್ಮ ಹೆಸರಿರಬೇಕು. ಮನೆಯ ಲೀಸು, ಬ್ಯಾಂಕ್ ಖಾತೆ, ಫೋನ್ ಬಿಲ್ಲು ಎಲ್ಲ ಯಜಮಾನರ ಹೆಸರಲ್ಲೇ ಇದ್ದರೆ ವರ್ಷ ಕಳೆದರೂ ನೀವು ಇಲ್ಲಿದ್ದದ್ದಕ್ಕೆ ಸಾಕ್ಷಿ ಇರುವುದಿಲ್ಲ. ಹಾಗಾಗಿ ಬಂದ ವಾರವೇ ಲೀಸಿಗೆ ಹೆಸರು ಸೇರಿಸಿ, ಜಂಟಿ ಖಾತೆ ತೆರೆಯಿರಿ, ಕ್ಯಾಲಿಫೋರ್ನಿಯಾ ಲೈಸೆನ್ಸೋ ಐಡಿ ಕಾರ್ಡೋ ಮಾಡಿಸಿ, ರಾಜ್ಯದ ಟ್ಯಾಕ್ಸ್ ರಿಟರ್ನಿನಲ್ಲಿ ಹೆಸರು ಬರುವಂತೆ ನೋಡಿಕೊಳ್ಳಿ. ಓದುವ ಯೋಚನೆ ಇಲ್ಲದಿದ್ದರೂ ಮಾಡಿ, ಹೆಣ್ಣುಮಕ್ಕಳ ಹೆಸರು ನಾಲ್ಕು ಕಾಗದದಲ್ಲಿ ಇರುವುದು ಒಳ್ಳೆಯದೇ.

ಅರ್ಜಿ ಆನ್‌ಲೈನ್, ಅದಕ್ಕೆ ಫೀಸಿಲ್ಲ. ಅರ್ಜಿ ಹಾಕಿದ ಮೇಲೆ ಓರಿಯೆಂಟೇಷನ್ ಮುಗಿಸಿ, ಕೌನ್ಸೆಲರ್ ಜೊತೆ ಕೂತು ಎಜುಕೇಷನ್ ಪ್ಲಾನ್ ಮಾಡಿಸಿ. ಸುಮ್ಮನೆ ಫಾರ್ಮಾಲಿಟಿ ಅಂದುಕೊಳ್ಳಬೇಡಿ, ಅದು ಮುಗಿದಿದ್ದರೆ ನಿಮಗೆ ರಿಜಿಸ್ಟ್ರೇಷನ್ ದಿನಾಂಕ ಬೇಗನೆಯದು ಸಿಗುತ್ತದೆ. ನಮ್ಮ ಡಿಗ್ರಿಯನ್ನು ಇಲ್ಲಿನ ಮೌಲ್ಯಮಾಪನ ಸಂಸ್ಥೆಯೊಂದರಿಂದ ವಿಷಯವಾರು ಲೆಕ್ಕ ಹಾಕಿಸಿಕೊಂಡಿದ್ದರೆ ಪ್ರಿರಿಕ್ವಿಸಿಟ್ (ಒಂದು ಕೋರ್ಸಿಗೆ ಮೊದಲೇ ಓದಿರಬೇಕಾದ ವಿಷಯ) ತಕರಾರು ಬಗೆಹರಿಯುತ್ತದೆ. ಊರಿನಿಂದ ಮಾರ್ಕ್ಸ್ ಕಾರ್ಡ್ ತರಿಸಲು ಅಪ್ಪನನ್ನು ಯೂನಿವರ್ಸಿಟಿಗೆ ಓಡಾಡಿಸಬೇಕಾಗುತ್ತದೆ. ಸಾಧ್ಯವಾದರೆ ಹೊರಡುವ ಮೊದಲೇ ಸೀಲ್ ಮಾಡಿದ ಟ್ರಾನ್ಸ್‌ಕ್ರಿಪ್ಟ್ ಎರಡು ಪ್ರತಿ ತೆಗೆದಿಟ್ಟುಕೊಳ್ಳಿ.

ಸಿಪಿಎ, ಅಂದರೆ ನಮ್ಮ ಸಿಎ ಥರದ ಇಲ್ಲಿನ ಲೈಸೆನ್ಸು, ಅದರ ಆಸೆಯ ಬಿ.ಕಾಂ.ನವರು ಕ್ಯಾಲಿಫೋರ್ನಿಯಾ ಬೋರ್ಡ್ ಆಫ್ ಅಕೌಂಟೆನ್ಸಿಯ ನಿಯಮ ಮೊದಲು ಓದಿ, ಯಾವ ವಿಷಯದಲ್ಲಿ ಎಷ್ಟು ಯೂನಿಟ್ ಕಡಿಮೆ ಬಿದ್ದಿದೆ ನೋಡಿಕೊಂಡು, ಅಷ್ಟನ್ನೇ ಇಲ್ಲಿ ತುಂಬಿಸಿಕೊಳ್ಳಿ. ಬೋರ್ಡು ಹೇಳುವುದು ಸೆಮಿಸ್ಟರ್ ಯೂನಿಟ್, ಡಿ ಆಂಜಾ ಕೊಡುವುದು ಕ್ವಾರ್ಟರ್ ಯೂನಿಟ್. ಒಂದೂವರೆಯಿಂದ ಗುಣಿಸಿ: ಹತ್ತು ಕಡಿಮೆ ಇದ್ದರೆ ಇಲ್ಲಿ ಹದಿನೈದು, ಅಂದರೆ ಐದು ಯೂನಿಟ್ಟಿನ ಮೂರು ಕೋರ್ಸ್. ಇಂಜಿನಿಯರಿಂಗ್ ಓದಿ ಕೋಡಿಂಗ್ ಮರೆತವರು ಸಿಐಎಸ್ 22ಎ ಎಂಬ ಸಿ++ ಕೋರ್ಸಿನಿಂದ ಶುರು ಮಾಡಬಹುದು. ಏನು ಬೇಕೆಂದೇ ಗೊತ್ತಿಲ್ಲದವರು ಪಬ್ಲಿಕ್ ಸ್ಪೀಕಿಂಗ್ ತೆಗೆದುಕೊಳ್ಳಿ. ಇಂಗ್ಲಿಷ್ ಬಂದರೂ ಬಾಯಿ ಬಿಡದ ನಮ್ಮಂಥವರಿಗೆ ಅದು ಒಳ್ಳೆಯ ಔಷಧಿ.

ಸೀಟು ತುಂಬಿದೆ ಎಂದು ಕಂಡರೆ ವೇಟ್‌ಲಿಸ್ಟಿಗೆ ಹಾಕಿ, ಮೊದಲ ದಿನ ಹೋಗಿ ಕೂರಿ. ಮೊದಲ ದಿನದ ಕ್ಲಾಸು ನೋಡಬೇಕು: ಕುರ್ಚಿ ಸಿಗದವರು ಹಿಂದಿನ ಗೋಡೆಗೆ ಒರಗಿ ನಿಂತಿರುತ್ತಾರೆ, ಪ್ರೊಫೆಸರ್ ಹಾಜರಿ ಕೂಗುತ್ತಾರೆ, ಬರದವರ ಹೆಸರಿಗೆ ಗೀಟು ಬೀಳುತ್ತದೆ, ಗೋಡೆಯವರ ಮುಖ ಅರಳುತ್ತದೆ. ಕೊನೆಗೆ ಪಟ್ಟಿಯ ಕ್ರಮದಲ್ಲಿ ಕರೆದು, ಕ್ಲಾಸಿಗೆ ಸೇರಿಕೊಳ್ಳಲು ಬೇಕಾದ ಆ್ಯಡ್ ಕೋಡ್ ಕೊಡುತ್ತಾರೆ. ಅದು ಕೈಗೆ ಬಂದರೆ ಅವತ್ತೇ ಪೋರ್ಟಲ್‌ನಲ್ಲಿ ಹಾಕಿ, ನಾಳೆಗೆ ಇಡಬೇಡಿ. ಆನ್‌ಲೈನ್ ಕ್ಲಾಸಾದರೆ ಪ್ರೊಫೆಸರ್‌ಗೆ ಚಿಕ್ಕದಾಗಿ ಮೇಲ್ ಬರೆಯಿರಿ. "ರೆಸ್ಪೆಕ್ಟೆಡ್ ಸರ್"ನಿಂದ ಶುರುಮಾಡಿ ಮನೆಕಥೆ ಹೇಳಬೇಡಿ.

ಕ್ವಾರ್ಟರ್ ಅಂದರೆ ಪರೀಕ್ಷೆ ಸೇರಿ ಹನ್ನೆರಡು ವಾರ. ಉಸಿರಾಡುವಷ್ಟರಲ್ಲಿ ಮಿಡ್‌ಟರ್ಮ್ ಬಂದಿರುತ್ತದೆ. ಕ್ಲಾಸೂ ಸೇರಿ ಯೂನಿಟ್ಟಿಗೆ ವಾರಕ್ಕೆ ಮೂರು ಗಂಟೆ ಎಂದು ಲೆಕ್ಕ ಹಾಕಿ, ಐದು ಯೂನಿಟ್ಟಿಗೆ ಹದಿನೈದು ಗಂಟೆ. ಚಿಕ್ಕ ಮಗು ಇದ್ದರೆ ಮೊದಲ ಕ್ವಾರ್ಟರ್ ಒಂದೇ ಕೋರ್ಸ್ ಸಾಕು. ಆಗಲಿಲ್ಲವೆಂದರೆ ಕ್ಯಾಲೆಂಡರಿನಲ್ಲಿ ಕೊಟ್ಟ ತಾರೀಖಿನೊಳಗೆ ಡ್ರಾಪ್ ಮಾಡಿ. ತಡವಾದರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಡಬ್ಲ್ಯೂ (ನಡುವೆ ಬಿಟ್ಟದ್ದರ ಗುರುತು) ಕೂರುತ್ತದೆ, ಸುಮ್ಮನೆ ಹೋಗುವುದು ಬಿಟ್ಟರೆ ಎಫ್. ಊರಿನಲ್ಲಿ ಗೆಳತಿಯ ರೆಕಾರ್ಡ್ ನೋಡಿ ಬರೆದಂತೆ ಇಲ್ಲಿ ಅಸೈನ್‌ಮೆಂಟ್ ಬರೆದರೆ ಅದು ಕಳ್ಳತನದ ಲೆಕ್ಕಕ್ಕೇ ಬರುತ್ತದೆ, ನೋಡಿದ್ದು ಒಂದು ಸಾಲಾದರೂ ಎಲ್ಲಿಂದ ಎಂದು ಹೇಳಿಬಿಡಿ. ಆಫೀಸ್ ಅವರ್ಸ್‌ಗೆ ಹೋಗಲು ಸಂಕೋಚ ಬೇಡ. ಪ್ರೊಫೆಸರ್ ಬಾಗಿಲು ತೆರೆದು ಕಾಯುತ್ತಿರುತ್ತಾರೆ, ಬಹಳ ದಿನ ಯಾರೂ ಬಂದಿರುವುದಿಲ್ಲ.

ಅಕೌಂಟಿಂಗ್ ಕ್ಲಾಸಿನ ನನ್ನ ಗುಂಪಿನಲ್ಲಿ ಸೈನ್ಯ ಬಿಟ್ಟು ಬಂದ ಒಬ್ಬ, ಮೊಮ್ಮಕ್ಕಳಿದ್ದ ಚೀನೀ ಅಜ್ಜಿ, ಹೈಸ್ಕೂಲಿನಿಂದಲೇ ಬರುತ್ತಿದ್ದ ಹುಡುಗ ಇದ್ದರು. ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗದಿದ್ದಾಗ ತಪ್ಪು ಹಿಡಿಯುತ್ತಿದ್ದದ್ದು ಅಜ್ಜಿ.

ಕ್ಲಾಸಿನ ನಡುವೆ ಬಿಡುವಿದ್ದರೆ ಕಾರಿನಲ್ಲಿ ಕೂತು ಫೋನ್ ನೋಡಬೇಡಿ, ಕ್ಯಾಂಪಸ್ ಸುತ್ತಿ. ಈ ಜಾಗ ಒಂದು ಕಾಲಕ್ಕೆ ದ್ರಾಕ್ಷಿತೋಟ. 1890ರ ದಶಕದಲ್ಲಿ ಚಾರ್ಲ್ಸ್ ಬಾಲ್ಡ್‌ವಿನ್ ಎಂಬ ಸಿರಿವಂತ ಇಲ್ಲಿ ವೈನ್ ತೋಟ ಮಾಡಿ, ವಿಲಿಸ್ ಪೋಕ್ ಎಂಬ ವಾಸ್ತುಶಿಲ್ಪಿಯಿಂದ ಮನೆ ಕಟ್ಟಿಸಿದ. ಕಂಬಗಳ ಆ ಬಂಗಲೆ, ಲ ಪೆಟಿಟ್ ಟ್ರಿಯಾನೋನ್, ಈಗ ಕಾಲೇಜಿನ ಕ್ಯಾಲಿಫೋರ್ನಿಯಾ ಹಿಸ್ಟರಿ ಸೆಂಟರ್. ಕಾಲೇಜು ಬಾಗಿಲು ತೆರೆದದ್ದು 1967ರಲ್ಲಿ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಕಾಲೇಜಿನ ತಂಗಿಯಾಗಿ. ಹೆಸರು 1776ರಲ್ಲಿ ಈ ದಾರಿಯಲ್ಲಿ ಹಾದುಹೋದ ಸ್ಪೇನಿನ ದಂಡಿನ ಮುಖಂಡ ಹುವಾನ್ ಬೌಟಿಸ್ಟಾ ಡಿ ಆಂಜಾನದು. ಆ್ಯಪಲ್ ಕಟ್ಟಿದವರಲ್ಲಿ ಒಬ್ಬನಾದ ಸ್ಟೀವ್ ವೋಝ್ನಿಯಾಕ್ ಕೆಲಕಾಲ ಇಲ್ಲಿ ಓದಿದ್ದ. ಸ್ಟೀವ್ ಜಾಬ್ಸ್ 1984ರ ಜನವರಿ 24ರಂದು ಮೊದಲ ಮ್ಯಾಕಿಂಟಾಷ್ ಕಂಪ್ಯೂಟರ್ ತೋರಿಸಿದ್ದು ಇಲ್ಲಿನ ಫ್ಲಿಂಟ್ ಸೆಂಟರಿನಲ್ಲಿ. ಆ ಸಭಾಂಗಣವನ್ನು 2019ರಲ್ಲಿ ಮುಚ್ಚಿದರು. ಯಜಮಾನರು ಆ್ಯಪಲ್‌ನಲ್ಲಿದ್ದರೆ ಈ ಮಾತು ಮನೆಯಲ್ಲಿ ಒಮ್ಮೆ ಎತ್ತಿ, ಕಮ್ಯುನಿಟಿ ಕಾಲೇಜಿನ ಬೆಲೆ ತಕ್ಷಣ ಏರುತ್ತದೆ.

ಕಾರಿಲ್ಲದವರಿಗೆ ಸ್ಟೀವನ್ಸ್ ಕ್ರೀಕ್ ರಸ್ತೆಯ ವಿಟಿಎ ಬಸ್ಸು 23, 523 ಕಾಲೇಜಿಗೇ ಬರುತ್ತವೆ. 523 ಸನ್ನಿವೇಲ್ ಕಡೆಗೂ ಹೋಗುತ್ತದೆ. ಸಂಜೆ ಕ್ಲಾಸುಗಳೂ ಇವೆ. ಓದುವುದಕ್ಕೆ ಅನುಮತಿ ಇದ್ದರೂ ಇಎಡಿ (ಕೆಲಸಕ್ಕೆ ಅನುಮತಿ ಕೊಡುವ ಕಾರ್ಡು) ಕೈಗೆ ಬರದೆ ಕಾಲೇಜಿನ ಒಳಗಿನ ಕೆಲಸವನ್ನೂ ಒಪ್ಪಿಕೊಳ್ಳಬೇಡಿ, ಎಚ್-4ಕ್ಕೆ ಅದು ನಿಷಿದ್ಧ.

ಫಾಲ್ ಕ್ವಾರ್ಟರ್ ಸೆಪ್ಟೆಂಬರ್ ಕೊನೆಗೆ ಶುರು. ಬೇಸಿಗೆಗೆ ಊರಿಗೆ ಹೋಗುವವರು ವಿಮಾನ ಹತ್ತುವ ಮೊದಲೇ ಅರ್ಜಿ, ಓರಿಯೆಂಟೇಷನ್ ಎರಡೂ ಮುಗಿಸಿ. ರಿಜಿಸ್ಟ್ರೇಷನ್ ತೆರೆಯುವ ದಿನ ಅತ್ತೆ ಮನೆಯಲ್ಲಿದ್ದರೂ ಫೋನಿನಲ್ಲೇ ಸೀಟು ಹಿಡಿಯಬಹುದು. ಸಮಯ ಮಾತ್ರ ಕ್ಯಾಲಿಫೋರ್ನಿಯಾದ್ದು ಎಂದು ನೆನಪಿಟ್ಟುಕೊಂಡು ಅಲಾರಂ ಇಡಿ.