ಪಿಎಚ್‌ಸಿಯಲ್ಲಿ ಬಿಪಿ ಹತೋಟಿಗೆ ತರುವುದು ಹೇಗೆ?

ಬಿಪಿ ಇದೆ ಎಂದು ಪತ್ತೆ ಹಚ್ಚಲು ಐದು ನಿಮಿಷ ಸಾಕು. ಅದನ್ನು ವರ್ಷಗಟ್ಟಲೆ ಹತೋಟಿಯಲ್ಲಿ ಇಡುವುದೇ ದೊಡ್ಡ ಕೆಲಸ. ಅದಕ್ಕೆ ದೊಡ್ಡಾಸ್ಪತ್ರೆಯೇ ಬೇಕು ಅಂತೇನಿಲ್ಲ, ಪಿಎಚ್‌ಸಿ ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರವೇ ಸಾಕು. 2017ರ ಕೊನೆಯಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ), ಕೇಂದ್ರ ಆರೋಗ್ಯ ಸಚಿವಾಲಯ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಬಿಪಿ ಹತೋಟಿಗಾಗಿ ಐಎಚ್‌ಸಿಐ (ಇಂಡಿಯಾ ಹೈಪರ್‌ಟೆನ್ಷನ್ ಕಂಟ್ರೋಲ್ ಇನಿಶಿಯೇಟಿವ್) ಎಂಬ ಕಾರ್ಯಕ್ರಮ ಆರಂಭಿಸಿದವು. ಕೇರಳ, ತೆಲಂಗಾಣ, ಮಹಾರಾಷ್ಟ್ರ, ಮಧ್ಯಪ್ರದೇಶ, ಪಂಜಾಬ್‌ಗಳ 25 ಜಿಲ್ಲೆಗಳಲ್ಲಿ ಮೊದಲು ಜಾರಿಗೆ ಬಂತು. ಅಲ್ಲಿ ಅನುಸರಿಸಿದ ದಾರಿ ಯಾವ ಪಿಎಚ್‌ಸಿಗೂ ಹೊಂದುತ್ತದೆ.

ಮೊದಲು ಅಳತೆ ಸರಿಯಾಗಲಿ

ಬಿಸಿಲಲ್ಲಿ ನಡೆದು ಬಂದವರನ್ನು ಸ್ಟೂಲ್ ಮೇಲೆ ಕೂರಿಸಿ ಆ ಕ್ಷಣವೇ ಬಿಪಿ ನೋಡಬೇಡಿ. ಬೆನ್ನಿಗೆ ಒರಗು ಇರುವ ಕುರ್ಚಿ ಕೊಡಿ. ಐದು ನಿಮಿಷ ಸುಮ್ನೆ ಕೂತಿರಲಿ. ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಮೇಜಿನ ಮೇಲೆ, ಎದೆಯ ಮಟ್ಟದಲ್ಲಿ ಇರಬೇಕು. ಬಿಪಿ ಯಂತ್ರದ ಪಟ್ಟಿಯನ್ನು ರವಿಕೆ ಅಥವಾ ಅಂಗಿಯ ತೋಳಿನ ಮೇಲೆ ಸುತ್ತಬೇಡಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಹಾಕಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಕಾಫಿ ಕುಡಿದು, ಬೀಡಿ ಸೇದಿ ಬಂದಿದ್ದರೆ ಅರ್ಧ ಗಂಟೆ ಕಾಯಲಿ. ಮೂತ್ರಕ್ಕೆ ಹೋಗಬೇಕಿದ್ದರೆ ಹೋಗಿ ಬರಲಿ. ಅಳೆಯುವಾಗ ಯಾರೂ ಮಾತಾಡಬಾರದು, ಸಿಸ್ಟರ್ ಕೂಡ! ಎರಡು ಸಲ ನೋಡಿ ಬರೆದುಕೊಳ್ಳಿ.

ಆಮೇಲೆ ಮಾತ್ರೆ

ಎಲ್ಲ ಡಾಕ್ಟರರೂ ಒಂದೇ ಕ್ರಮ ಅನುಸರಿಸಬೇಕು. ಸಾಮಾನ್ಯವಾಗಿ ಅಮ್ಲೋಡಿಪಿನ್ 5 ಮಿ.ಗ್ರಾಂನಿಂದ ಶುರು. ತಿಂಗಳಾದ ಮೇಲೂ 140/90ಕ್ಕಿಂತ ಕೆಳಗೆ ಬರದಿದ್ದರೆ ಟೆಲ್ಮಿಸಾರ್ಟನ್ 40 ಸೇರಿಸುತ್ತಾರೆ. ಅದೂ ಸಾಲದಿದ್ದರೆ ಡೋಸ್ ಏರಿಸುವುದು, ಕ್ಲೋರ್‌ಥಾಲಿಡೋನ್ ಸೇರಿಸುವುದು. ರಾಜ್ಯದಿಂದ ರಾಜ್ಯಕ್ಕೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ನಿಮ್ಮ ರಾಜ್ಯದ ಕ್ರಮವನ್ನು ಒಪಿಡಿ (ಹೊರರೋಗಿ ವಿಭಾಗ) ಗೋಡೆಗೆ ಅಂಟಿಸಿ. ಗರ್ಭಿಣಿಯರಿಗೆ ಟೆಲ್ಮಿಸಾರ್ಟನ್ ಕೊಡುವ ಹಾಗಿಲ್ಲ, ಅವರ ಚಿಕಿತ್ಸೆಯೇ ಬೇರೆ.

ನನ್ನ ಪ್ರಕಾರ ನಾವು ಸೋಲುವುದು ಇಲ್ಲೇ. ರೋಗಿ ಎರಡನೇ ಸಲ ಬರುತ್ತಾರೆ, ಬಿಪಿ 156/96 ಇರುತ್ತದೆ. ‘ಇನ್ನೊಂದು ತಿಂಗಳು ಇದೇ ತಗೊಳ್ಳಿ, ನೋಡೋಣ’ ಅನ್ನುತ್ತೇವೆ. ಮುಂದಿನ ತಿಂಗಳೂ ಅದೇ ಮಾತು. ಹಾಗೆ ಮಾಡಬೇಡಿ. ಮಾತ್ರೆ ಸರಿಯಾಗಿ ನುಂಗುತ್ತಿದ್ದಾರಾ ಎಂದು ಕೇಳಿ. ಹೌದು ಎಂದಾದರೆ ಅವತ್ತೇ ಮುಂದಿನ ಹಂತಕ್ಕೆ ಹೋಗಿ. ಬಿಪಿ ತುಂಬಾ ಏರಿ ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ಕೈಕಾಲು ಬಲ ಕಳೆದುಕೊಳ್ಳುವುದು ಕಂಡರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಮಾತ್ರೆ ಬಿಡದ ಹಾಗೆ ನೋಡಿಕೊಳ್ಳುವುದು

‘ತಲೆನೋವು ಇಲ್ಲ, ಆರಾಮಾಗಿದೀನಿ, ಬಿಟ್ಟುಬಿಟ್ಟೆ’ ಎನ್ನುವವರನ್ನು ಬೈಯಬೇಡಿ. ಬಿಪಿ ಬಹಳಷ್ಟು ಜನರಿಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಹೀಗಿರುವಾಗ ಮಾತ್ರೆ ಯಾಕೆ ಅಂತ ಅನ್ನಿಸುವುದು ಸಹಜ ಅಲ್ವಾ? ಮೊದಲ ದಿನವೇ ಹೇಳಿ: ‘ಅಮ್ಮಾ, ಬಿಪಿ ಇಳಿದಿರೋದು ಮಾತ್ರೆಯಿಂದ. ಬಿಟ್ಟರೆ ಮತ್ತೆ ಏರುತ್ತೆ.’ ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಹೇಳದೇ ಕೇಳದೇ ಮಾತ್ರೆ ನಿಲ್ಲಿಸುವ ಬದಲು ಬಂದು ತೋರಿಸಲಿ, ಬೇರೆ ಮಾತ್ರೆ ಇದೆ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ, ಅಂದರೆ ಸುಮಾರು ಒಂದು ಟೀ ಚಮಚ. ಅದರಲ್ಲಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಯ ಉಪ್ಪೂ ಸೇರಿತು.

ಏಳು ದಿನದ ಮಾತ್ರೆ ಕೊಟ್ಟು ‘ಮತ್ತೆ ಬನ್ನಿ’ ಅಂದರೆ ಕೂಲಿ ಬಿಟ್ಟು ಎಷ್ಟು ಸಲ ಬಂದಾರು? ಕನಿಷ್ಠ 30 ದಿನದ್ದು ಕೊಡಿ. ಬಿಪಿ ಸ್ಥಿರವಾದವರಿಗೆ ಹತ್ತಿರದ ಉಪಕೇಂದ್ರದಲ್ಲೇ ಮಾತ್ರೆ ಸಿಗಲಿ. ಇದಕ್ಕೆ ಸ್ಟಾಕ್ ಬೇಕು. ಖಾಲಿಯಾದ ಮೇಲೆ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿದರೆ ತಡವಾಯಿತು. ಎಷ್ಟು ರೋಗಿಗಳಿದ್ದಾರೆ, ತಿಂಗಳಿಗೆ ಎಷ್ಟು ಮಾತ್ರೆ ಬೇಕು ಎಂದು ಲೆಕ್ಕ ಹಾಕಿ ಮೊದಲೇ ತರಿಸಿಡಿ.

ಕೊನೆಗೆ ಲೆಕ್ಕ

ಪ್ರತಿ ರೋಗಿಗೂ ಒಂದು ಕಾರ್ಡ್ ಅಥವಾ ಆ್ಯಪ್‌ನಲ್ಲಿ ಒಂದು ದಾಖಲೆ ಇರಲಿ. ಮುಂದಿನ ತಾರೀಕು ಬರೆದಿರಲಿ. ತಾರೀಕು ದಾಟಿದವರಿಗೆ ಅದೇ ವಾರ ಫೋನ್ ಹೋಗಲಿ. ಸಿಗದಿದ್ದರೆ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ವಿಚಾರಿಸಲಿ. ಮೂರು ತಿಂಗಳಿಗೊಮ್ಮೆ ಲೆಕ್ಕ ತೆಗೆಯಿರಿ. ನೋಂದಾಯಿಸಿದ 200 ಜನರಲ್ಲಿ 100 ಮಂದಿ ಬಂದು, 80 ಮಂದಿಯ ಬಿಪಿ ಹತೋಟಿಯಲ್ಲಿದೆ ಅಂದುಕೊಳ್ಳಿ. ಆಗ ಶೇ 80 ಎಂದು ಬರೆಯಬೇಡಿ. ಬಾರದ 100 ಮಂದಿಯೂ ನಿಮ್ಮ ರೋಗಿಗಳೇ. ಆ ಪಿಎಚ್‌ಸಿಯ ಹತೋಟಿ ಶೇ 40.