ಮೈದಾ ಅಂದ್ರೆ ಯಾವ ಮೈದಾ? ಹೊರದೇಶದ ರೆಸಿಪಿ ನೋಡಿ ಬೇಕ್ ಮಾಡುವವರಿಗೆ

ನಮ್ಮನೆ ಓವನ್‌ನಲ್ಲಿ ಮೊದಲು ಹಾಳಾಗಿದ್ದು ಒಂದು ಇಂಗ್ಲಿಷ್ ಸ್ಪಾಂಜ್ ಕೇಕ್. ರೆಸಿಪಿಯಲ್ಲಿ 200 ಗ್ರಾಂ ಸೆಲ್ಫ್ ರೈಸಿಂಗ್ ಫ್ಲೋರ್ ಅಂತಿತ್ತು. ಯಾವುದಾದರೇನು, ಹಿಟ್ಟು ತಾನೇ ಅಂತ ಸುಮ್ನೆ ಮೈದಾ ಸುರಿದೆ. ಮುಕ್ಕಾಲು ಗಂಟೆ ಬಿಟ್ಟು ತೆಗೆದರೆ ಎರಡು ಬೆರಳು ದಪ್ಪವೂ ಇಲ್ಲ. ನಮ್ಮತ್ತೆ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಬರ್ಫಿ ಚೆನ್ನಾಗಿದೆ ಕಣಮ್ಮ" ಅಂದರು.

ಸೆಲ್ಫ್ ರೈಸಿಂಗ್ ಅಂದರೆ ಬೇಕಿಂಗ್ ಪೌಡರ್ ಬೆರೆಸಿಯೇ ಮಾರುವ ಹಿಟ್ಟು. 1845ರಲ್ಲಿ ಬ್ರಿಸ್ಟಲ್‌ನ ಹೆನ್ರಿ ಜೋನ್ಸ್ ಎಂಬಾತ ಇದಕ್ಕೆ ಪೇಟೆಂಟ್ ಪಡೆದಿದ್ದ. ಬ್ರಿಟನ್ನಿನ ರೆಸಿಪಿಯಾದರೆ 150 ಗ್ರಾಂ ಮೈದಾಕ್ಕೆ 2 ಟೀ ಚಮಚ ಬೇಕಿಂಗ್ ಪೌಡರ್ ಹಾಕಿ ಜರಡಿ ಹಿಡಿಯಿರಿ. ಅಮೆರಿಕದ್ದರಲ್ಲಿ ಉಪ್ಪೂ ಇರುತ್ತದೆ. ಒಂದು ಕಪ್ ಮೈದಾಕ್ಕೆ ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಉಪ್ಪು.

ಇನ್ನು ಅಸಲಿ ವಿಷಯ, ಅಂಟು. ಹೋಳಿಗೆ ಕಣಕ ಕಲಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನೀರು ಹಾಕಿ ನಾದಿ, ಎಣ್ಣೆಯಲ್ಲಿ ಮುಳುಗಿಸಿ ಎರಡು ಗಂಟೆ ಬಿಟ್ಟರೆ ಕಣಕ ರಬ್ಬರ್ ಹಾಗೆ ಎಳೆ ಬರುತ್ತದಲ್ಲ, ಅದೇ ಗ್ಲುಟೆನ್, ಗೋಧಿಯ ಪ್ರೋಟೀನ್. ನಿಪ್ಪಟ್ಟಿಗೆ ಕಾದ ಎಣ್ಣೆ ಹಾಕಿ ಉಜ್ಜುವುದು ಇದರ ಉಲ್ಟಾ. ಅಲ್ಲಿ ಅಂಟು ಬೇಡ, ಗರಿಗರಿ ಬೇಕು. ಬ್ರೆಡ್ಡು ಕಣಕದ ಜಾತಿ, ಬಿಸ್ಕತ್ತು ನಿಪ್ಪಟ್ಟಿನ ಜಾತಿ. ಕೇಕ್ ಎರಡರ ನಡುವೆ, ನಿಪ್ಪಟ್ಟಿನ ಕಡೆಗೇ ಸ್ವಲ್ಪ ಜಾಸ್ತಿ.

ಒಂದು ಸಲ ಕಣ್ಣಾರೆ ನೋಡಿ. 100 ಗ್ರಾಂ ಮೈದಾ ಗಟ್ಟಿಯಾಗಿ ಕಲಸಿ, ಉಂಡೆಯನ್ನು ಅರ್ಧ ಗಂಟೆ ನೀರಲ್ಲಿ ಮುಳುಗಿಸಿಡಿ. ಆಮೇಲೆ ಅದೇ ನೀರಲ್ಲಿ ಹಿಸುಕುತ್ತಾ ತೊಳೆಯಿರಿ. ನೀರು ಅಕ್ಕಚ್ಚಿನ ಹಾಗೆ ಬೆಳ್ಳಗಾಗುತ್ತದೆ. ಚೆಲ್ಲಿ, ಮತ್ತೆ ತೊಳೆಯಿರಿ. ನಡುವೆ ಉಂಡೆ ಚೂರುಚೂರಾಗಿ ಕೈ ಬಿಟ್ಟೇ ಹೋಯಿತು ಅನ್ನಿಸುತ್ತದೆ. ಬಿಡಬೇಡಿ, ಚೂರುಗಳು ತಾವೇ ಕೂಡಿಕೊಳ್ಳುತ್ತವೆ. ಐದಾರು ನೀರು ಆದಮೇಲೆ ಕೈಯಲ್ಲಿ ಉಳಿಯುವುದು ನಿಂಬೆಹಣ್ಣಿನಷ್ಟು, ಬೂದು ಬಣ್ಣದ್ದು, ಜಗಿದ ಚೂಯಿಂಗ್ ಗಮ್ ಥರ. ಗೋಧಿ ಹಾಲಿನ ಹಲ್ವಾ ಮಾಡುವವರು ಹಿಂಡಿ ಎಸೆಯುವ ಜಿಗುಟೂ ಇದೇ.

ಈ ಜಿಗುಟು ಎಷ್ಟಿದೆ ಅಂತ ಅಂದಾಜು ಬೇಕಾದರೆ ಪ್ಯಾಕೆಟ್ ಹಿಂದೆ ಪ್ರೋಟೀನ್ ಅಂಕಿ ನೋಡಿ. ನಮ್ಮ ಮೈದಾದಲ್ಲಿ ಸಾಮಾನ್ಯವಾಗಿ 100 ಗ್ರಾಂಗೆ 10–11 ಗ್ರಾಂ. ಅಮೆರಿಕದ ಆಲ್ ಪರ್ಪಸ್, ಬ್ರಿಟನ್ನಿನ ಪ್ಲೇನ್ ಫ್ಲೋರ್ ಹೆಚ್ಚುಕಮ್ಮಿ ಅಲ್ಲೇ ಬರುತ್ತವೆ. ಹಾಗಾಗಿ ಅವಕ್ಕೆ ಮೈದಾ ಧಾರಾಳವಾಗಿ ಹಾಕಿ. ಬ್ರೆಡ್ ಫ್ಲೋರ್ ಅಥವಾ ಸ್ಟ್ರಾಂಗ್ ಫ್ಲೋರ್ ಅಂದರೆ 12–14. ಅದರ ಜಾಗಕ್ಕೆ ಮೈದಾ ಹಾಕುವಾಗ ನೀರನ್ನು ಒಂದೇ ಸಲ ಸುರಿಯಬೇಡಿ. ಮೂರು ಚಮಚ ಹಿಡಿದಿಟ್ಟುಕೊಂಡು, ಬೇಕಾದರೆ ಮಾತ್ರ ಸೇರಿಸಿ. ಅಂಗಡಿಯಲ್ಲಿ ಗ್ಲುಟೆನ್ ಪುಡಿ ಸಿಕ್ಕರೆ ಕಪ್ಪಿಗೆ ಒಂದು ಟೀ ಚಮಚ ಸಾಕು. ಕೇಕ್ ಫ್ಲೋರ್ 7–9. ಒಂದು ಕಪ್ ಮೈದಾದಿಂದ ಎರಡು ದೊಡ್ಡ ಚಮಚ ತೆಗೆದು, ಅಷ್ಟೇ ಕಾರ್ನ್ ಫ್ಲೋರ್ ಹಾಕಿ, ಮೂರು ಸಲ ಜರಡಿ ಹಿಡಿಯಿರಿ.

ಕಾರ್ನ್ ಫ್ಲೋರ್ ಅಂದೆನಲ್ಲ, ಅದೂ ಒಂದು ಗುಂಡಿ. ನಾನು ಬಿದ್ದು ಎದ್ದಿದ್ದೇನೆ. ನಮ್ಮಲ್ಲೂ ಬ್ರಿಟನ್ನಿನಲ್ಲೂ ಅದು ಗೋಬಿ ಮಂಚೂರಿಗೆ ಹಾಕುವ ಬಿಳಿ ಪುಡಿ, ಬರೀ ಪಿಷ್ಟ. ಅಮೆರಿಕದವರು ಅದನ್ನು ಕಾರ್ನ್ ಸ್ಟಾರ್ಚ್ ಅನ್ನುತ್ತಾರೆ. ಅವರು ಕಾರ್ನ್ ಫ್ಲೋರ್ ಅಂದರೆ ನುಣ್ಣಗೆ ಬೀಸಿದ ಜೋಳದ ಹಿಟ್ಟು, ಕಾರ್ನ್ ಮೀಲ್ ಅಂದರೆ ಜೋಳದ ತರಿ. ಜೋಳ ಅಂದರೆ ಇಲ್ಲಿ ಮುಸುಕಿನ ಜೋಳ. ರೊಟ್ಟಿ ಜೋಳ ಬೇರೆ, ಮತ್ತೆ ನನ್ನನ್ನು ಬೈಯಬೇಡಿ.

ನನ್ನ ನಾದಿನಿ ಜರ್ಮನಿಗೆ ಹೋದ ಹೊಸತರಲ್ಲಿ ಅಂಗಡಿಯಿಂದಲೇ ಫೋನ್ ಮಾಡಿದ್ದಳು. "ಅತ್ತಿಗೆ, ಇಲ್ಲಿ ಎಲ್ಲಾ ಹಿಟ್ಟಿಗೂ ನಂಬರ್ ಹಾಕಿದ್ದಾರೆ. 405, 550, 1050. ಹೋಳಿಗೆಗೆ ಯಾವುದು?" ಅವು ಅಂಟಿನ ನಂಬರ್ ಅಲ್ಲ, ಬೂದಿಯ ನಂಬರ್. 100 ಗ್ರಾಂ ಹಿಟ್ಟನ್ನು ಸುಟ್ಟರೆ ಸುಮಾರು ಎಷ್ಟು ಮಿಲಿಗ್ರಾಂ ಬೂದಿ ಉಳಿಯುತ್ತದೆ ಅನ್ನುವ ಲೆಕ್ಕ. ಹೊಟ್ಟು ಜಾಸ್ತಿ ಇದ್ದಷ್ಟೂ ಬೂದಿ ಜಾಸ್ತಿ. 405 ಬೆಳ್ಳಗೆ, 1050 ಕಂದು. ಫ್ರಾನ್ಸಿನದೂ ಅದೇ ದಾರಿ, ಒಂದು ಸೊನ್ನೆ ಕಮ್ಮಿ, ಅಷ್ಟೇ. ಅಲ್ಲಿಯ 55 ಜರ್ಮನಿಯ 550ಕ್ಕೆ ಹತ್ತಿರ. 405 ಅಥವಾ 550 ಕೇಳಿದರೆ ಮೈದಾ ನಡೆಯುತ್ತದೆ. 1050ಕ್ಕೆ ನಾನು ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಹಾಕುತ್ತೇನೆ. ಇಟಲಿಯ 00 ಕೂಡ ಎಷ್ಟು ಬೆಳ್ಳಗೆ ಬೀಸಿದೆ ಅನ್ನುವ ಗುರುತು. ಪಿಜ್ಜಾದ 00 ಬೇರೆ, ಕೇಕಿನ 00 ಬೇರೆ. ಅದಕ್ಕೇ ಅಲ್ಲೂ ಪ್ರೋಟೀನ್ ಅಂಕಿಯನ್ನೇ ನೋಡಿ.

ಹೋಲ್ ವೀಟ್ ಅಂತಿದ್ದರೆ ನಮ್ಮ ಗೋಧಿ ಹಿಟ್ಟು ಹಾಕಬಹುದು, ಆದರೆ ನೀರು ಜಾಸ್ತಿ ಬೇಕು. ಬೀಸುವ ಕಲ್ಲಿನ ನಡುವೆ ಪಿಷ್ಟ ಜಜ್ಜಿಹೋಗಿ ನೀರು ಕುಡಿಯುತ್ತದೆ. ಚಪಾತಿ ಮೆತ್ತಗಾಗುವುದೂ ಅದರಿಂದಲೇ. ರೆಸಿಪಿಯ ಅಳತೆಯಲ್ಲೇ ಕಲಸಿದರೆ ಬ್ರೆಡ್ಡು ಇಟ್ಟಿಗೆ. ಎರಡು ಮೂರು ಚಮಚ ನೀರು ಸೇರಿಸಿ, ಇಪ್ಪತ್ತು ನಿಮಿಷ ಮುಚ್ಚಿಟ್ಟು ಆಮೇಲೆ ನಾದಿ.

ಕಪ್ಪಿನ ಅಳತೆ ನಂಬಬೇಡಿ. ಡಬ್ಬಕ್ಕೆ ಕಪ್ ಅದ್ದಿ ಒತ್ತಿ ತೆಗೆದರೆ 150 ಗ್ರಾಂ ಬರುತ್ತದೆ, ಚಮಚದಲ್ಲಿ ಹಗುರಾಗಿ ತುಂಬಿದರೆ 120. ಅಮೆರಿಕದ ರೆಸಿಪಿಗೆ ನಾನು 120 ಅಂತಲೇ ತೂಗುತ್ತೇನೆ. ಆ ಅಂಕಿಯನ್ನು ಹಿಟ್ಟಿನ ಡಬ್ಬದ ಮುಚ್ಚಳದ ಮೇಲೇ ಬರೆದಿಟ್ಟಿದ್ದೇನೆ.