ಹಣ್ಣಾಗುವ ಎಲೆಯ ಹಾರ್ಮೋನುಗಳನ್ನು ಎಲೈಸಾದಲ್ಲಿ ಅಳೆಯುವ ಕ್ರಮ

ಎಲೆ ಹಣ್ಣಾಗುತ್ತಾ ಹೋದಂತೆ ಅದನ್ನು ಹಸಿರಾಗಿಡುವ ಹಾರ್ಮೋನ್ ಸೈಟೊಕೈನಿನ್ ಇಳಿಯುತ್ತದೆ, ಮುಪ್ಪಿಗೆ ದೂಡುವ ಹಾರ್ಮೋನ್ ಅಬ್ಸಿಸಿಕ್ ಆಮ್ಲ (ಎಬಿಎ) ಏರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. 1995ರಲ್ಲಿ ಗ್ಯಾನ್ ಮತ್ತು ಅಮಸಿನೊ ಮುಪ್ಪು ಶುರುವಾದಾಗ ಮಾತ್ರ ಚಾಲೂ ಆಗುವ ಎಸ್‌ಎಜಿ12 ಪ್ರಮೋಟರಿಗೆ (ಜೀನಿನ ಸ್ವಿಚ್ಚಿಗೆ) ಸೈಟೊಕೈನಿನ್ ತಯಾರಿಕೆಯ ಐಪಿಟಿ ಜೀನ್ ಜೋಡಿಸಿ, ತಂಬಾಕಿನ ಎಲೆ ಹಳದಿಯಾಗುವುದನ್ನು ತಡೆದು ತೋರಿಸಿದರು. ಆದರೆ ನಿಮ್ಮ ಗಿಡದಲ್ಲಿ ಯಾವ ಹಂತದಲ್ಲಿ ಎಷ್ಟು ಇಳಿಯಿತು, ಎಷ್ಟು ಏರಿತು ಎಂದು ಹೇಳಲು ಅಳೆಯಲೇಬೇಕು. ಹಣ್ಣೆಲೆಯಲ್ಲಿ ಆ ಅಳತೆ ದಾರಿ ತಪ್ಪಿಸುವುದೂ ಸುಲಭ.

ಕಾರಣ ಎಲೈಸಾದ, ಅಂದರೆ ಅಣುವನ್ನು ಪ್ರತಿಕಾಯದಿಂದ ಹಿಡಿದು ಕಿಣ್ವ ಕೊಡುವ ಬಣ್ಣದಿಂದ ಅಳೆಯುವ ವಿಧಾನದ, ರಚನೆಯಲ್ಲೇ ಇದೆ. ಎಬಿಎಯ ಅಣುತೂಕ 264, ಸೈಟೊಕೈನಿನ್‌ನ ಒಂದು ರೂಪವಾದ ಝಿಯಾಟಿನ್ ರೈಬೋಸೈಡಿನದು 351. ಇಷ್ಟು ಚಿಕ್ಕ ಅಣುವನ್ನು ಎರಡು ಪ್ರತಿಕಾಯಗಳು ಎರಡು ಕಡೆಯಿಂದ ಹಿಡಿಯಲಾರವು. ಹಾಗಾಗಿ ಸ್ಯಾಂಡ್‌ವಿಚ್ ವಿಧಾನ ಇಲ್ಲಿ ನಡೆಯುವುದಿಲ್ಲ, ಸ್ಪರ್ಧಾತ್ಮಕ ವಿಧಾನವೇ ಗತಿ. ಎಲೆಯ ಹಾರ್ಮೋನ್ ಮತ್ತು ಕಿಣ್ವ ಅಂಟಿಸಿದ ಹಾರ್ಮೋನ್ (ಟ್ರೇಸರ್) ಒಂದೇ ಪ್ರತಿಕಾಯಕ್ಕಾಗಿ ಪೈಪೋಟಿ ನಡೆಸುತ್ತವೆ. ಎಲೆಯದು ಹೆಚ್ಚಿದ್ದಷ್ಟೂ ಬಣ್ಣ ಕಡಿಮೆ. ಅಂದರೆ ಬಣ್ಣವನ್ನು ಕುಗ್ಗಿಸುವ ಯಾವುದೇ ಅಡಚಣೆಯೂ ಹಾರ್ಮೋನ್ ಆಗಿಯೇ ಲೆಕ್ಕಕ್ಕೆ ಬರುತ್ತದೆ. ಪ್ರತಿಕಾಯವನ್ನು ಕೆಡಿಸುವ ಫೀನಾಲಿಕ್‌ಗಳು ಹಲವು ಗಿಡಗಳಲ್ಲಿ ಎಲೆ ಬಲಿತಷ್ಟೂ ಹೆಚ್ಚುತ್ತವೆ. ಎಬಿಎ ಏರಿದಂತೆ ಕಾಣಲು, ಸೈಟೊಕೈನಿನ್ ಇಳಿದದ್ದು ಮುಚ್ಚಿಹೋಗಲು ಇಷ್ಟೇ ಸಾಕು.

ಎಲೆ ಕೀಳುವ ಮೊದಲು

ವಯಸ್ಸನ್ನು ಬರೀ ದಿನಗಳಲ್ಲಿ ಎಣಿಸಬೇಡಿ. ಎಲೆ ಬಿಚ್ಚಿಕೊಂಡ ದಿನ ಗುರುತು ಹಾಕಿ, ಗಿಡದ ಮೇಲೆ ಅದು ಎಷ್ಟನೆಯದು ಎಂದು ಬರೆದಿಟ್ಟು, ಕೀಳುವ ಮುನ್ನ ಕ್ಲೋರೋಫಿಲ್ ಮೀಟರಿನಲ್ಲಿ ಓದಿ. ಹುಲ್ಲಿನ ಜಾತಿಯ ಎಲೆ ತುದಿಯಿಂದ ಬುಡದತ್ತ ಹಣ್ಣಾಗುತ್ತದೆ. ಇಡೀ ಎಲೆಯನ್ನು ಅರೆದರೆ ಮೂರು ವಯಸ್ಸುಗಳ ಸರಾಸರಿ ಕೈಗೆ ಬರುತ್ತದೆ. ಒಂದೇ ಜಾಗದಿಂದ, ನಡುನರ ಬಿಟ್ಟು, ಕಾರ್ಕ್ ಬೋರರಿನಿಂದ ಬಿಲ್ಲೆ ತೆಗೆಯುವುದು ಮೇಲು.

ಕಿತ್ತ ಎಲೆಯನ್ನು ತಕ್ಷಣ ದ್ರವ ಸಾರಜನಕಕ್ಕೆ ಹಾಕಿ. ಬಾಡತೊಡಗಿದ ಎಲೆಯಲ್ಲಿ ಎಬಿಎ ಬೇಗನೆ ಏರುತ್ತದೆ, ಗಾಯಕ್ಕೆ ಜಾಸ್ಮೋನಿಕ್ ಆಮ್ಲ ಇನ್ನೂ ಬೇಗ. ಬೆಳಗಿನ ಹಸಿರೆಲೆಯನ್ನು ಮಧ್ಯಾಹ್ನದ ಹಣ್ಣೆಲೆಯೊಂದಿಗೆ ಹೋಲಿಸಬಾರದು. ಎಲ್ಲ ಹಂತಗಳನ್ನೂ ಒಂದೇ ದಿನ, ಒಂದೇ ಹೊತ್ತಿಗೆ ಕೀಳಿ. ಅಂದಹಾಗೆ ಎಥಿಲೀನ್ ಅನಿಲವಾದ್ದರಿಂದ ಅದು ಗ್ಯಾಸ್ ಕ್ರೊಮ್ಯಾಟೊಗ್ರಫಿಯ ಕೆಲಸ, ಎಲೈಸಾ ಪ್ಲೇಟಿನದಲ್ಲ.

ಹಾರ್ಮೋನಿನ ಮೊತ್ತವನ್ನು ಯಾವುದರಿಂದ ಭಾಗಿಸುತ್ತೀರಿ ಎಂಬುದನ್ನೂ ಈಗಲೇ ತೀರ್ಮಾನಿಸಿ. ಹಸಿರು ಬಿಲ್ಲೆಯೊಂದು 20 ಮಿ.ಗ್ರಾಂ. ತೂಗುತ್ತದೆ, ಅಷ್ಟೇ ಅಗಲದ ಹಳದಿ ಬಿಲ್ಲೆ 14 ಮಿ.ಗ್ರಾಂ. ಎಂದಿಟ್ಟುಕೊಳ್ಳಿ. ಎರಡರಲ್ಲೂ 4 ಪಿಕೊಮೋಲ್ ಎಬಿಎ ಇದೆ. ಹಸಿ ತೂಕದ ಲೆಕ್ಕದಲ್ಲಿ ಮೊದಲನೆಯದು ಗ್ರಾಂಗೆ 200, ಎರಡನೆಯದು 286: ಹಾರ್ಮೋನ್ ಚೂರೂ ಹೆಚ್ಚದೆ ಶೇ. 43ರ ಏರಿಕೆ! ಒಣ ತೂಕವೂ ಪೂರ್ತಿ ನಂಬಿಕಸ್ಥವಲ್ಲ, ಏಕೆಂದರೆ ಹಣ್ಣಾಗುವ ಎಲೆ ತನ್ನ ಸಾರಜನಕವನ್ನೂ ಉಳಿದ ಸಾರವನ್ನೂ ಗಿಡಕ್ಕೆ ವಾಪಸು ಕಳಿಸುತ್ತಿರುತ್ತದೆ. ಪ್ರೊಟೀನಿನಿಂದ ಭಾಗಿಸುವುದಂತೂ ಬೇಡವೇ ಬೇಡ. ಬಿಲ್ಲೆಗಳ ಸಂಖ್ಯೆ, ಹಸಿ ತೂಕ, ಒಣ ತೂಕ ಮೂರನ್ನೂ ಬರೆದಿಟ್ಟು, ವಿಸ್ತೀರ್ಣದ ಲೆಕ್ಕವನ್ನು ಮುಖ್ಯವಾಗಿ ಕೊಡಿ.

ಸಾರ ತೆಗೆಯುವುದು

ಎಬಿಎಗೆ ಹೀಗೆ ಮಾಡಿ. ಫ್ರೀಜ್-ಡ್ರೈ ಮಾಡಿ ನುಣ್ಣಗೆ ಪುಡಿ ಮಾಡಿದ 100 ಮಿ.ಗ್ರಾಂ. ಎಲೆಗೆ 2 ಮಿ.ಲೀ. ತಣ್ಣನೆಯ ಶೇ. 80 ಮೆಥನಾಲ್ ಹಾಕಿ. ಆಕ್ಸಿಡೀಕರಣ ತಡೆಯಲು ಮೆಥನಾಲಿನಲ್ಲಿ ಲೀಟರಿಗೆ 10 ಮಿ.ಗ್ರಾಂ. ಬಿಎಚ್‌ಟಿ ಮೊದಲೇ ಕರಗಿಸಿರಬೇಕು. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕತ್ತಲಲ್ಲಿ, ರಾತ್ರಿಯಿಡೀ ಅಲುಗಾಡಿಸಿ. ಬೆಳಕಿಗೆ ಬಿಟ್ಟರೆ ಎಬಿಎ ಪ್ರತಿಕಾಯ ಗುರುತಿಸದ ಟ್ರಾನ್ಸ್ ರೂಪಕ್ಕೆ ತಿರುಗುತ್ತದೆ, ಆದ್ದರಿಂದ ಟ್ಯೂಬುಗಳಿಗೆ ಫಾಯಿಲ್ ಸುತ್ತಿ. 10,000 ಜಿ ವೇಗದಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಗಸಿಯನ್ನು ಇನ್ನೊಮ್ಮೆ 1 ಮಿ.ಲೀ.ಯಲ್ಲಿ ಒಂದೆರಡು ಗಂಟೆ ತೊಳೆದು, ಎರಡೂ ಸಾರಗಳನ್ನು ಕೂಡಿಸಿ.

ಕೂಡಿಸಿದ್ದನ್ನು ಸಿ18 ಕಾರ್ಟ್ರಿಜ್ (ಜಿಡ್ಡಿನ ಅಣುಗಳನ್ನು ಹಿಡಿದಿಡುವ ಚಿಕ್ಕ ಸೋಸುಕೊಳವೆ) ಮೂಲಕ ಹಾಯಿಸಿದರೆ ಪತ್ರಹರಿತ್ತು ಮತ್ತು ಕೊಬ್ಬು ಅಲ್ಲೇ ಅಂಟಿಕೊಳ್ಳುತ್ತವೆ, ಶೇ. 80 ಮೆಥನಾಲಿನಲ್ಲಿರುವ ಹಾರ್ಮೋನ್ ಕೆಳಗಿಳಿಯುತ್ತದೆ. ಕಾರ್ಟ್ರಿಜ್‌ನಲ್ಲಿ ಉಳಿದದ್ದನ್ನು ಅದೇ ದ್ರಾವಕದ 1 ಮಿ.ಲೀ.ಯಿಂದ ತೊಳೆದು ಸೇರಿಸಿಕೊಳ್ಳಿ. 40 ಡಿಗ್ರಿ ಮೀರದಂತೆ ನಿರ್ವಾತದಲ್ಲಿ ಒಣಗಿಸಿ. ಶೇಷವನ್ನು ಮೊದಲು 100 ಮೈಕ್ರೊಲೀಟರ್ ಮೆಥನಾಲಿನಲ್ಲಿ ಕರಗಿಸಿ, ಆಮೇಲೆ 900 ಮೈಕ್ರೊಲೀಟರ್ ಬಫರ್ ಸೇರಿಸಿ. ನೇರವಾಗಿ ಬಫರ್ ಸುರಿದರೆ ಟ್ಯೂಬಿನ ಗೋಡೆಗೆ ಅಂಟಿದ್ದು ಅಲ್ಲೇ ಉಳಿಯುತ್ತದೆ. ಹಣ್ಣೆಲೆಯ ಸಾರ ಈ ಹಂತದಲ್ಲೂ ಕಂದು ಬಣ್ಣಕ್ಕಿದ್ದರೆ ಫೀನಾಲಿಕ್ ಹೋಗಿಲ್ಲ ಎಂದರ್ಥ. ಫೀನಾಲಿಕ್ ಹಿಡಿಯುವ, ಕರಗದ ಪುಡಿಯಾದ ಪಿವಿಪಿಪಿ ಬೆರೆಸಿ ಸೆಂಟ್ರಿಫ್ಯೂಜ್ ಮಾಡಬಹುದು, ಆದರೆ ಅದು ಹಾರ್ಮೋನನ್ನೂ ಸ್ವಲ್ಪ ಹಿಡಿದಿಟ್ಟುಕೊಳ್ಳಬಹುದು. ಟ್ರಿಟಿಯಂ ಗುರುತಿನ ಎಬಿಎಯನ್ನು ಮೆಥನಾಲ್ ಹಂತದಲ್ಲೇ ಹಾಕಿ, ಕೊನೆಗೆ ಶೇಕಡ ಎಷ್ಟು ಉಳಿಯಿತು ಎಂದು ಪ್ರತಿ ವಯಸ್ಸಿಗೂ ಬೇರೆಬೇರೆಯಾಗಿ ನೋಡಿ. ಗುರುತಿನ ಎಬಿಎ ಪೈಪೋಟಿಗೆ ಇಳಿಯದಷ್ಟು ಅಲ್ಪವಾಗಿರಲಿ.

ಸೈಟೊಕೈನಿನ್‌ಗೆ ಇದೇ ಸಾರ ಸಾಲದು. ಹಣ್ಣೆಲೆಯಲ್ಲಿ ಫಾಸ್ಫಟೇಸ್‌ನಂಥ ಒಡೆಯುವ ಕಿಣ್ವಗಳು ಚುರುಕಾಗಿರುತ್ತವೆ. ಶೇ. 80 ಮೆಥನಾಲ್ ಅವನ್ನು ಪೂರ್ತಿ ಸುಮ್ಮನಾಗಿಸುವುದಿಲ್ಲ, ಸೈಟೊಕೈನಿನ್‌ನ ನ್ಯೂಕ್ಲಿಯೊಟೈಡ್‌ಗಳು ಟ್ಯೂಬಿನಲ್ಲೇ ರೈಬೋಸೈಡ್ ಆಗಿ ಬದಲಾಗುತ್ತವೆ. ಮೆಥನಾಲ್, ನೀರು, ಫಾರ್ಮಿಕ್ ಆಮ್ಲ 15:4:1ರ ಮಿಶ್ರಣವನ್ನು ಮೈನಸ್ 20 ಡಿಗ್ರಿಯಲ್ಲಿ ಬಳಸಿ. ಶುದ್ಧೀಕರಣಕ್ಕೆ ಕ್ಯಾಟಯಾನ್ ವಿನಿಮಯವೂ ಇರುವ ಮಿಶ್ರ ಕಾರ್ಟ್ರಿಜ್ ಒಳ್ಳೆಯದು: ಆಮ್ಲೀಯವಾಗಿ ಹಾಕಿದ ಮೇಲೆ ಮೆಥನಾಲಿನಲ್ಲಿ ಎಬಿಎ ಮತ್ತು ಐಎಎ (ಆಕ್ಸಿನ್ ಹಾರ್ಮೋನ್) ಇಳಿಯುತ್ತವೆ, 0.35 ಮೋಲಾರ್ ಅಮೋನಿಯಾದಲ್ಲಿ ನ್ಯೂಕ್ಲಿಯೊಟೈಡ್, ಅದೇ ಅಮೋನಿಯಾ ಶೇ. 60 ಮೆಥನಾಲಿನಲ್ಲಿದ್ದಾಗ ಬೇಸ್, ರೈಬೋಸೈಡ್ ಮತ್ತು ಗ್ಲುಕೋಸೈಡ್.

ಪ್ರತಿಕಾಯ ಏನನ್ನು ಹಿಡಿಯುತ್ತದೆ

ಕಿಟ್ ಕೊಳ್ಳುವಾಗ ಬೆಲೆಗಿಂತ ಮೊದಲು ಅಡ್ಡಪ್ರತಿಕ್ರಿಯೆಯ (ಪ್ರತಿಕಾಯ ಬೇಡದ ಯಾವ ಅಣುಗಳನ್ನೂ ಹಿಡಿಯುತ್ತದೆ ಎಂಬ) ಪಟ್ಟಿ ಓದಿ. ಎಬಿಎಯನ್ನು ಸಿ1 ಕಾರ್ಬಾಕ್ಸಿಲ್ ಮೂಲಕ ಪ್ರೊಟೀನಿಗೆ ಅಂಟಿಸಿ ತಯಾರಿಸಿದ ಪ್ರತಿಕಾಯ ಗ್ಲುಕೋಸ್ ಎಸ್ಟರನ್ನೂ ಹಿಡಿಯುತ್ತದೆ. ಈ ಎಸ್ಟರ್ ಕೋಶರಸಕುಹರದಲ್ಲಿ ಕೂಡಿಡುವ ರೂಪ, ವಯಸ್ಸಾದಂತೆ ಶೇಖರವಾಗುವ ಸಾಧ್ಯತೆ ಹೆಚ್ಚು. ಮುಕ್ತ ಎಬಿಎ ಬೇಕಿದ್ದರೆ ಸಿ4 ಕೀಟೋನ್ ಕಡೆಯಿಂದ ಅಂಟಿಸಿ ಬೆಳೆಸಿದ ಪ್ರತಿಕಾಯ ಹುಡುಕಿ. ಮಾನೋಕ್ಲೋನಲ್ ಪ್ರತಿಕಾಯ ಗಿಡದಲ್ಲಿರುವ (+) ರೂಪವನ್ನಷ್ಟೇ, ಅದರ ಕನ್ನಡಿಬಿಂಬವಾದ (−) ರೂಪವನ್ನಲ್ಲ, ಗುರುತಿಸುವುದಾದರೆ, ಹೋಲಿಕೆಗೆ ಇಡುವ ಗೊತ್ತಿರುವ ಪ್ರಮಾಣದ ಮಿಶ್ರ (±) ಸ್ಟ್ಯಾಂಡರ್ಡ್‌ನಲ್ಲಿ ಲೆಕ್ಕಕ್ಕೆ ಬರುವುದು ಅರ್ಧ ಮಾತ್ರ. ಇದನ್ನು ಮರೆತರೆ ಎಲ್ಲ ಉತ್ತರಗಳೂ ಇಮ್ಮಡಿಯಾಗುತ್ತವೆ.

ರೈಬೋಸೈಡಿನ ವಿರುದ್ಧ ಬೆಳೆಸಿದ ಪ್ರತಿಕಾಯ 9-ಗ್ಲುಕೋಸೈಡನ್ನೂ ಎಣಿಸುತ್ತದೆ. ನಿಷ್ಕ್ರಿಯವಾದ ಆ ರೂಪ ಹಳೆಯ ಎಲೆಯಲ್ಲಿ ಜಮೆಯಾಗಿದ್ದರೆ ಸೈಟೊಕೈನಿನ್ ಇಳಿದೇ ಇಲ್ಲ ಎಂಬ ತೀರ್ಮಾನಕ್ಕೆ ಬರುತ್ತೀರಿ. ಎಚ್‌ಪಿಎಲ್‌ಸಿಯಲ್ಲಿ ಬೇರ್ಪಡಿಸಿ ಒಂದೊಂದು ಭಾಗವನ್ನೂ ಎಲೈಸಾಕ್ಕೆ ಹಾಕಿ. ಅದು ಸಾಧ್ಯವಿಲ್ಲದಿದ್ದರೆ ವರದಿಯಲ್ಲಿ 'ಝಿಯಾಟಿನ್ ರೈಬೋಸೈಡ್ ಮಾದರಿಯ ಸೈಟೊಕೈನಿನ್‌ಗಳು' ಎಂದೇ ಬರೆಯಿರಿ.

ಪ್ಲೇಟ್

ಪ್ರತಿಕಾಯ ಲೇಪಿಸಿದ ಪ್ಲೇಟ್, ಆಲ್ಕಲೈನ್ ಫಾಸ್ಫಟೇಸ್ ಟ್ರೇಸರ್ ಇರುವ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ಗುಳಿಗೆ 100 ಮೈಕ್ರೊಲೀಟರ್ ಸ್ಯಾಂಪಲ್ ಅಥವಾ ಸ್ಟ್ಯಾಂಡರ್ಡ್, 100 ಮೈಕ್ರೊಲೀಟರ್ ಟ್ರೇಸರ್. 4 ಡಿಗ್ರಿಯಲ್ಲಿ 3 ಗಂಟೆ. ಮೂರು ಸಲ ತೊಳೆದು 200 ಮೈಕ್ರೊಲೀಟರ್ ಪ್ಯಾರಾ-ನೈಟ್ರೊಫೆನಿಲ್ ಫಾಸ್ಫೇಟ್, 37 ಡಿಗ್ರಿಯಲ್ಲಿ ಒಂದು ಗಂಟೆ, ಆಮೇಲೆ 405 ನ್ಯಾನೊಮೀಟರಿನಲ್ಲಿ ಓದು. ಬಫರ್ ಟ್ರಿಸ್ ಆಗಿರಲಿ: 25 ಮಿಲಿಮೋಲಾರ್ ಟ್ರಿಸ್, 100 ಮಿಲಿಮೋಲಾರ್ ಉಪ್ಪು, 1 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, ಪಿಎಚ್ 7.5. ಅಭ್ಯಾಸಬಲದಿಂದ ಪಿಬಿಎಸ್ ಹಾಕಿದರೆ ಅದರ ಫಾಸ್ಫೇಟ್ ಈ ಕಿಣ್ವವನ್ನೇ ತಡೆಯುತ್ತದೆ. ಟ್ರೇಸರಿನಲ್ಲಿ ಪೆರಾಕ್ಸಿಡೇಸ್ ಇದ್ದರೆ, ಬಫರ್ ಕೆಡದಂತೆ ಹಾಕುವ ಸೋಡಿಯಂ ಅಜೈಡ್ ಹತ್ತಿರ ಸುಳಿಯಬಾರದು, ಅದು ಆ ಕಿಣ್ವವನ್ನು ತಡೆಯುತ್ತದೆ.

ಹಾರ್ಮೋನ್ ಇಲ್ಲದ ಗುಳಿಗಳು ಗರಿಷ್ಠ ಬಣ್ಣ ಕೊಡುತ್ತವೆ, ಅದು ಬಿ0. ಅತಿಯಾಗಿ ಹಾರ್ಮೋನ್ ಸುರಿದ ಗುಳಿಗಳಲ್ಲಿ ಉಳಿಯುವ ಬಣ್ಣ ಅಂಟಬಾರದಲ್ಲಿ ಅಂಟಿದ್ದು. ಎಲ್ಲದರಿಂದ ಈ ಎರಡನೆಯದನ್ನು ಕಳೆದು ಬಿ/ಬಿ0 (ಗುಳಿಯ ಬಣ್ಣ ಗರಿಷ್ಠ ಬಣ್ಣದ ಎಷ್ಟು ಪಾಲು ಎಂಬುದು) ತೆಗೆದು, ಅದರ ಲಾಜಿಟ್ (ಆ ಪಾಲನ್ನು ಉಳಿದ ಪಾಲಿನಿಂದ ಭಾಗಿಸಿದ್ದರ ಲಾಗ್) ಅನ್ನು ಸಾಂದ್ರತೆಯ ಲಾಗ್‌ಗೆ ಎದುರಿಟ್ಟರೆ ನೇರ ಗೆರೆ ಸಿಗುತ್ತದೆ. ಬಿ/ಬಿ0 ಶೇ. 20ರಿಂದ 80ರೊಳಗೆ ಬಿದ್ದ ಸ್ಯಾಂಪಲ್ ಮಾತ್ರ ನಂಬಿ. ಅಂಚಿನ ಗುಳಿಗಳು ಬೇಗ ಬಿಸಿಯಾಗುವುದರಿಂದ ಅಲ್ಲಿ ಬರೀ ಬಫರ್ ತುಂಬಿ. ಹಸಿರೆಲೆಗೆ ಒಂದು ಪ್ಲೇಟ್, ಹಣ್ಣೆಲೆಗೆ ಇನ್ನೊಂದು ಎಂದು ಹಂಚಲೇಬೇಡಿ, ಪ್ರತಿ ಪ್ಲೇಟಿನಲ್ಲೂ ಎಲ್ಲ ವಯಸ್ಸೂ ಇರಲಿ.

ಲೆಕ್ಕ ಸರಳ. ಹತ್ತು ಪಟ್ಟು ತೆಳುಗೊಳಿಸಿದ ಸಾರ ಗುಳಿಯಲ್ಲಿ 0.8 ಪಿಕೊಮೋಲ್ ತೋರಿಸಿದರೆ, ತೆಳು ಸಾರದಲ್ಲಿ ಮಿ.ಲೀ.ಗೆ 8, ಮೂಲ 1 ಮಿ.ಲೀ. ಸಾರದಲ್ಲಿ 80. ವಾಪಸಾತಿ (ಟ್ರಿಟಿಯಂ ಗುರುತಿನ ಎಬಿಎಯಲ್ಲಿ ಕೊನೆಗೆ ಉಳಿದ ಪಾಲು) ಶೇ. 80 ಇದ್ದರೆ ನಿಜವಾದ ಮೊತ್ತ 100 ಪಿಕೊಮೋಲ್. ಅದು 100 ಮಿ.ಗ್ರಾಂ. ಪುಡಿಯದು, ಹಾಗಾಗಿ ಒಣ ತೂಕದ ಗ್ರಾಂಗೆ 1 ನ್ಯಾನೊಮೋಲ್, ಸುಮಾರು 264 ನ್ಯಾನೊಗ್ರಾಂ ಎಬಿಎ.

ಸಂಖ್ಯೆ ನಂಬುವ ಮುನ್ನ

ಪ್ರತಿ ವಯಸ್ಸಿನ ಸಾರವನ್ನೂ 5, 10, 20, 40 ಪಟ್ಟು ತೆಳುಗೊಳಿಸಿ ಓದಿ. ಮತ್ತೆ ಗುಣಿಸಿದಾಗ ನಾಲ್ಕೂ ಉತ್ತರ ಹೆಚ್ಚುಕಡಿಮೆ ಒಂದೇ ಇರಬೇಕು. ತೆಳುವಾದಷ್ಟೂ ಉತ್ತರ ಕುಗ್ಗುತ್ತಾ ಹೋದರೆ ನೀವು ಅಳೆಯುತ್ತಿರುವುದರಲ್ಲಿ ಫೀನಾಲಿಕ್‌ನ ಪಾಲೂ ಇದೆ. ಹಸಿರೆಲೆಯಲ್ಲಿ ಪಾಸಾದ ಪರೀಕ್ಷೆ ಹಣ್ಣೆಲೆಯಲ್ಲಿ ಫೇಲಾಗುವುದು ಮಾಮೂಲು, ಒಂದಕ್ಕೆ ಮಾಡಿ ಇನ್ನೊಂದನ್ನು ಬಿಟ್ಟರೆ ಪ್ರಯೋಜನವಿಲ್ಲ. ಜೊತೆಗೆ ಸಾರಕ್ಕೆ ಗೊತ್ತಿರುವ ಪ್ರಮಾಣ ಬೆರೆಸಿ, 0.1, 0.3, 1 ಪಿಕೊಮೋಲ್ ಹೀಗೆ. ಹಾಕಿದ್ದು ಮತ್ತು ಹೆಚ್ಚುವರಿಯಾಗಿ ಕಂಡದ್ದರ ಗೆರೆಯ ಇಳಿಜಾರು 1ರ ಹತ್ತಿರ ಇರಬೇಕು. ಇಲ್ಲವಾದರೆ ಶುದ್ಧೀಕರಣಕ್ಕೆ ಹಿಂತಿರುಗಿ, ತಿದ್ದುಪಡಿಯ ಗುಣಕ ಹಾಕಿ ಮುಂದೆ ಸಾಗಬೇಡಿ.

ಕೊನೆಯದಾಗಿ, ಪ್ರತಿ ಹಂತದ ಮೂರ್ನಾಲ್ಕು ಸ್ಯಾಂಪಲ್‌ಗಳನ್ನು ಡ್ಯುಟೇರಿಯಂ ಗುರುತಿನ ಸ್ಟ್ಯಾಂಡರ್ಡ್ ಹಾಕಿ, ಅಣುವನ್ನು ಅದರ ತೂಕದಿಂದ ಗುರುತಿಸಿ ಅಳೆಯುವ ಎಲ್‌ಸಿ-ಎಂಎಸ್/ಎಂಎಸ್‌ಗೆ ಕೊಡಿ. ಎಲೈಸಾ ಉತ್ತರ ಅದಕ್ಕಿಂತ ಹೆಚ್ಚು ಬಂದರೂ, ಎರಡರ ಅನುಪಾತ ಎಲ್ಲ ವಯಸ್ಸಿನಲ್ಲೂ ಒಂದೇ ಇದ್ದರೆ ವಯಸ್ಸುಗಳ ನಡುವಿನ ಹೋಲಿಕೆ ನಿಲ್ಲುತ್ತದೆ. ವಯಸ್ಸಿನೊಂದಿಗೆ ಅನುಪಾತವೂ ಬದಲಾಗುತ್ತಿದ್ದರೆ, ಆ ಎಲೈಸಾವನ್ನು ಒಂದೇ ಹಂತದ ಎಲೆಗಳ ನಡುವೆ, ಉದಾಹರಣೆಗೆ ನೀರು ಕೊಟ್ಟ ಮತ್ತು ಕೊಡದ ಗಿಡಗಳ ಹಣ್ಣೆಲೆಗಳ ನಡುವೆ ಮಾತ್ರ ಬಳಸಿ. ಅಲ್ಲಿಯೂ ಬೆರಕೆ ಪರೀಕ್ಷೆಯ ಗೆರೆ ಎರಡು ಗುಂಪಿಗೂ ಒಂದೇ ಇದೆಯೇ ಎಂದು ನೋಡಿಕೊಳ್ಳಬೇಕು, ಏಕೆಂದರೆ ನೀರಿಲ್ಲದ ಗಿಡವೂ ಫೀನಾಲಿಕ್ ಹೆಚ್ಚಿಸಿಕೊಂಡಿರಬಹುದು.